ಬಾಗಿದ ಕಣ, ಬಿಗಿದ ನಾಳ

1904ನೇ ಇಸವಿಯ ಡಿಸೆಂಬರ್ 26. ಅಮೆರಿಕದ ಶಿಕಾಗೊ ನಗರದ ಪ್ರೆಸ್ಬಿಟೇರಿಯನ್ ಆಸ್ಪತ್ರೆಗೆ ಕಪ್ಪು ಜನಾಂಗದ ಇಪ್ಪತ್ತು ವರ್ಷದ ತರುಣನೊಬ್ಬ ದಾಖಲಾದ. ಹೆಸರು ವಾಲ್ಟರ್ ಕ್ಲೆಮೆಂಟ್ ನೋಯೆಲ್. ವೆಸ್ಟ್ ಇಂಡೀಸ್‌ನ ಗ್ರೆನಡಾ ದ್ವೀಪದಿಂದ ದಂತವೈದ್ಯ ಶಾಸ್ತ್ರ ಕಲಿಯಲು ಬಂದು ಕೆಲವೇ ತಿಂಗಳಾಗಿತ್ತು. ಜ್ವರ, ಕೆಮ್ಮು, ನಡೆದರೆ ಏದುಸಿರು. ಕಣ್ಣಿನ ಬಿಳಿಭಾಗದಲ್ಲಿ ತೆಳು ಹಳದಿ. ಎರಡೂ ಕಾಲುಗಳ ಮೇಲೆ ಎಂದೋ ಆಗಿ ಮಾಗಿದ ಹುಣ್ಣುಗಳ ಕಲೆಗಳು.

ಅಂದು ಅವನನ್ನು ಪರೀಕ್ಷಿಸಿದವರು ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯ. ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಪಠ್ಯಪುಸ್ತಕದಲ್ಲಿಲ್ಲದ ನೋಟ. ದುಂಡಗಿನ ಬಿಲ್ಲೆಗಳಂತಿರಬೇಕಾದ ಕೆಂಪು ರಕ್ತಕಣಗಳ ನಡುವೆ ಉದ್ದವಾಗಿ ಎಳೆದಂತಿದ್ದ, ತುದಿ ಚೂಪಾಗಿ ಬಾಗಿದ ಕಣಗಳಿದ್ದವು. ಐರನ್ಸ್ ತಮ್ಮ ಹಿರಿಯರಾದ ಡಾ. ಜೇಮ್ಸ್ ಹೆರಿಕ್ ಅವರ ಗಮನಕ್ಕೆ ಇದನ್ನು ತಂದರು. ಇಬ್ಬರೂ ಎರಡೂವರೆ ವರ್ಷ ನೋಯೆಲ್‌ನ ಆರೋಗ್ಯದ ಮೇಲೆ ಕಣ್ಣಿಟ್ಟರು. 1910ರ ನವೆಂಬರ್‌ನಲ್ಲಿ ಹೆರಿಕ್ ಪ್ರಕಟಿಸಿದ ಪ್ರಬಂಧದಲ್ಲಿ ಆ ಕಣಗಳನ್ನು ಕುಡುಗೋಲಿಗೆ ಹೋಲಿಸಿದರು. 1922ರಲ್ಲಿ ವರ್ನ್ ಮೇಸನ್ ಎಂಬ ವೈದ್ಯರು ‘ಸಿಕಲ್ ಸೆಲ್ ಅನೀಮಿಯಾ’ ಎಂಬ ಹೆಸರನ್ನು ಬಳಸಿದರು. ನಮ್ಮಲ್ಲಿ ಅದೇ ಕುಡುಗೋಲು ಕಣ ರೋಗ.

ನೋಯೆಲ್ ದಂತವೈದ್ಯನಾಗಿ ಊರಿಗೆ ಮರಳಿದ. ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ವೃತ್ತಿ ನಡೆಸಿದ. 1916ರಲ್ಲಿ ಶ್ವಾಸಕೋಶದ ತೊಂದರೆಯಿಂದ ತೀರಿಕೊಂಡಾಗ ಅವನಿಗೆ 32 ವರ್ಷ.

ಹೆರಿಕ್ ಅವರ ಪ್ರಬಂಧದಲ್ಲಿ ನೋಯೆಲ್‌ನ ಕಾಲಿನ ಕಲೆಗಳ ಉಲ್ಲೇಖವೂ ಇದೆ. ಆದರೆ ವೈದ್ಯಲೋಕದ ಕಣ್ಣು ನೆಟ್ಟದ್ದು ಬಾಗಿದ ಕಣದ ಮೇಲೆ. ಆ ಕಣ ಓಡಾಡುವ ನಾಳದ ಕಡೆಗೆ ಅದು ಗಂಭೀರವಾಗಿ ತಿರುಗಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. ಈ ರೋಗದಲ್ಲಿ ಯಾವ ಮಗುವಿಗೆ ಪಾರ್ಶ್ವವಾಯು ಬಡಿದೀತು, ಯಾರ ಮೂತ್ರಪಿಂಡ ಸೋತೀತು ಎಂಬುದನ್ನು ಮುಂಚಿತವಾಗಿ ಊಹಿಸುವ ದಾರಿ ತೆರೆದದ್ದು ಆ ಮೇಲೆಯೇ.

ನೋವಿಗೆ ಇಟ್ಟ ಹೆಸರು

ಶಿಕಾಗೊದ ವೈದ್ಯರಿಗೆ ಹೊಸದಾಗಿ ಕಂಡ ಈ ರೋಗ ಪಶ್ಚಿಮ ಆಫ್ರಿಕಾದ ಹಳ್ಳಿಗಳಿಗೆ ಹಳೆಯದು. ಘಾನಾ ದೇಶದ ಗಾ ಜನರು ಇದನ್ನು ‘ಚ್ವೆಚ್ವೆಚ್ವೆ’ ಎಂದು ಕರೆಯುತ್ತಿದ್ದರು. ಅಲ್ಲಿನ ಬೇರೆ ಭಾಷೆಗಳಲ್ಲೂ ಹೀಗೆಯೇ ಒಂದೇ ಸದ್ದು ಮರುಕಳಿಸುವ ಹೆಸರುಗಳಿದ್ದವು. ಎಲುಬನ್ನು ಕಚ್ಚಿ ಕಚ್ಚಿ ಎಳೆದಂತೆ ಬಿಟ್ಟುಬಿಟ್ಟು ಬರುವ ನೋವೇ ಆ ಹೆಸರುಗಳಲ್ಲಿ ಕೇಳಿಸುತ್ತದೆ. ಘಾನಾದ ವೈದ್ಯ ಕೊನೊಟೆ ಅಹುಲು ಈ ಹೆಸರುಗಳನ್ನು ದಾಖಲಿಸಿದ್ದಲ್ಲದೆ, ತಮ್ಮದೇ ವಂಶದಲ್ಲಿ ಈ ರೋಗ ಇಳಿದುಬಂದ ದಾರಿಯನ್ನು 1670ರವರೆಗೆ ಹಿಂದಕ್ಕೆ ಗುರುತಿಸಿದರು.

ಇಲ್ಲೊಂದು ಅಂಶ ಗಮನಾರ್ಹ. ಅಮೆರಿಕದ ವೈದ್ಯರು ರೋಗಕ್ಕೆ ಕಣದ ಆಕಾರದಿಂದ ಹೆಸರಿಟ್ಟರು. ಆಫ್ರಿಕಾದ ಜನ ನೋವಿನಿಂದ ಹೆಸರಿಟ್ಟರು. ಮೊದಲನೆಯದು ಗಾಜಿನ ತುಂಡಿನ ಮೇಲೆ ಕಾಣುವ ಸಂಗತಿ. ಎರಡನೆಯದು ನಾಳದೊಳಗೆ ರಕ್ತ ನಿಂತಾಗ ಅನುಭವಕ್ಕೆ ಬರುವ ಸಂಗತಿ.

ಅಣುವಿನ ರೋಗ

ಕಣ ಬಾಗುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹಂತಹಂತವಾಗಿ ದೊರೆಯಿತು. ಆಮ್ಲಜನಕ ಕಡಿಮೆಯಾದಾಗ ಕಣಗಳು ಬಾಗುತ್ತವೆ, ಆಮ್ಲಜನಕ ಸಿಕ್ಕಾಗ ಮತ್ತೆ ದುಂಡಗಾಗುತ್ತವೆ ಎಂಬುದನ್ನು ಹಾನ್ ಮತ್ತು ಗಿಲೆಸ್ಪಿ 1927ರಲ್ಲಿ ತೋರಿಸಿದರು. 1940ರಲ್ಲಿ ಹ್ಯಾಮ್ ಮತ್ತು ಕ್ಯಾಸಲ್ ಎಂಬ ವೈದ್ಯರು ಇದರ ಮೇಲೆ ಒಂದು ವಾದ ಕಟ್ಟಿದರು. ಕಣ ಬಾಗಿದರೆ ರಕ್ತ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ಹರಿವು ನಿಧಾನವಾಗುತ್ತದೆ, ನಿಧಾನವಾದರೆ ಆಮ್ಲಜನಕ ಇನ್ನಷ್ಟು ತಗ್ಗುತ್ತದೆ, ಆಗ ಇನ್ನಷ್ಟು ಕಣಗಳು ಬಾಗುತ್ತವೆ. ಹೀಗೊಂದು ವಿಷವರ್ತುಲ. ಈ ವಾದದಲ್ಲಿ ರಕ್ತನಾಳ ಎಂಬುದು ಬರೀ ಒಂದು ಕೊಳವೆ. ಕಸ ಸಿಕ್ಕಿಕೊಂಡರೆ ಕಟ್ಟಿಕೊಳ್ಳುತ್ತದೆ, ಅಷ್ಟೆ.

ಕ್ಯಾಸಲ್ ಅವರಿಂದಲೇ ಈ ರೋಗದ ವಿಷಯ ತಿಳಿದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಅವರಿಗೆ ದೋಷ ಇರುವುದು ಕಣದಲ್ಲಲ್ಲ, ಅದರೊಳಗಿನ ಹಿಮೋಗ್ಲೋಬಿನ್‌ನಲ್ಲಿ ಎನ್ನಿಸಿತು. ಅವರ ಪ್ರಯೋಗಾಲಯದಲ್ಲಿ ಹಾರ್ವೆ ಇಟಾನೊ ಮತ್ತು ಸಂಗಡಿಗರು ಹಿಮೋಗ್ಲೋಬಿನ್ ದ್ರಾವಣದಲ್ಲಿ ವಿದ್ಯುತ್ ಹರಿಸಿ ನೋಡಿದರು. ರೋಗಿಗಳ ಹಿಮೋಗ್ಲೋಬಿನ್ ಆರೋಗ್ಯವಂತರದಕ್ಕಿಂತ ಬೇರೆಯಾಗಿ ಚಲಿಸಿತು. 1949ರ ನವೆಂಬರ್‌ನಲ್ಲಿ ಹೊರಬಂದ ಅವರ ಪ್ರಬಂಧ ಇದನ್ನು ‘ಅಣುವಿನ ರೋಗ’ ಎಂದು ಕರೆಯಿತು. ಒಂದು ಕಾಯಿಲೆಯ ಮೂಲವನ್ನು ಒಂದೇ ಅಣುವಿನಲ್ಲಿ ಗುರುತಿಸಿದ ಮೊದಲ ಸಂದರ್ಭ ಅದು. 1956-57ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಮ್ ಇನ್ನೂ ಒಳಕ್ಕೆ ಹೋದರು. 146 ಅಮೈನೊ ಆಮ್ಲಗಳ ಬೀಟಾ ಸರಪಳಿಯಲ್ಲಿ ಆರನೆಯ ಕೊಂಡಿ ಮಾತ್ರ ಬದಲು. ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್.

ತಂದೆ ತಾಯಿ ಇಬ್ಬರಿಂದಲೂ ಈ ದೋಷ ಬಂದರೆ ರೋಗ. ಒಬ್ಬರಿಂದ ಮಾತ್ರ ಬಂದರೆ ಆ ವ್ಯಕ್ತಿ ‘ವಾಹಕ’. ಅವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ವಾಹಕರಿಗೆ ಮಾರಣಾಂತಿಕ ಮಲೇರಿಯಾದಿಂದ ರಕ್ಷಣೆ ದೊರೆಯುತ್ತದೆ ಎಂಬುದನ್ನು ಆಂಥೊನಿ ಆಲಿಸನ್ 1954ರಲ್ಲಿ ತೋರಿಸಿಕೊಟ್ಟರು. ಮಲೇರಿಯಾ ಇದ್ದ ಕಾಡುಸೀಮೆಗಳಲ್ಲಿ ಈ ವಂಶವಾಹಿ ಉಳಿದು ಬಂದುದಕ್ಕೆ ಕಾರಣ ಇದೇ.

ನೀಲಗಿರಿಯಲ್ಲಿ

ಅಲ್ಲಿಯವರೆಗೆ ಇದು ಆಫ್ರಿಕಾ ಮೂಲದವರ ರೋಗ ಎಂದೇ ಬಗೆಯಲಾಗಿತ್ತು. ಆ ನಂಬಿಕೆಯನ್ನು ಅಲುಗಿಸಿದ್ದು ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ನೀಲಗಿರಿ. ನಾಜಿ ಜರ್ಮನಿಯನ್ನು ತೊರೆದು ಇಂಗ್ಲೆಂಡ್ ಸೇರಿದ್ದ ಹರ್ಮನ್ ಲೇಮನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯರಾಗಿ ಭಾರತದಲ್ಲಿದ್ದು, ಇಲ್ಲಿನ ಸೈನಿಕರ ರಕ್ತಹೀನತೆಯನ್ನು ಅಧ್ಯಯನ ಮಾಡಿದ್ದವರು. ಅವರು ರಕ್ತವಿಜ್ಞಾನಿ ಮೇರಿ ಕಟ್‌ಬುಷ್ ಜತೆಗೂಡಿ ನೀಲಗಿರಿಯ ಇರುಳರು, ಕುರುಂಬರು, ಪಣಿಯರು ಮೊದಲಾದ ಬುಡಕಟ್ಟು ಜನರ ರಕ್ತ ಪರೀಕ್ಷಿಸಿ, ಕುಡುಗೋಲು ಕಣದ ವಾಹಕರು ಅಲ್ಲಿರುವುದನ್ನು 1952ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಸ್ಸಾಮಿನ ಚಹಾತೋಟದ ಕಾರ್ಮಿಕರಲ್ಲೂ, 1958ರಲ್ಲಿ ನಾಗಪುರ ಸೀಮೆಯಲ್ಲೂ ಇದು ವರದಿಯಾಯಿತು. ಕರ್ನಾಟಕದ ಚಾಮರಾಜನಗರ, ಮೈಸೂರು, ಕೊಡಗು ಭಾಗದ ಸೋಲಿಗರು, ಜೇನುಕುರುಬರು, ಯರವರು ಮೊದಲಾದವರಲ್ಲಿಯೂ ಈ ರೋಗ ಇರುವುದು ಮುಂದೆ ಬೆಳಕಿಗೆ ಬಂತು.

ಒಂದೇ ದೋಷ, ಬೇರೆ ಬೇರೆ ಹಣೆಬರಹ

ಅಣು ತಿಳಿಯಿತು. ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರ ಗೊಂದಲ ತೀರಲಿಲ್ಲ. ಈ ರೋಗವುಳ್ಳ ಎಲ್ಲರಲ್ಲೂ ಆ ಆರನೆಯ ಕೊಂಡಿಯ ದೋಷ ಒಂದೇ. ಹಾಗಿದ್ದರೂ ಒಬ್ಬರಿಗೆ ತಿಂಗಳಿಗೊಮ್ಮೆ ಮೈಕೈ ಎಲುಬಿನ ನೋವು, ಮತ್ತೊಬ್ಬರಿಗೆ ವರ್ಷಕ್ಕೊಮ್ಮೆಯೂ ಇಲ್ಲ. ಒಂದು ಮಗುವಿಗೆ ಆರನೇ ವಯಸ್ಸಿಗೆ ಪಾರ್ಶ್ವವಾಯು, ಮತ್ತೊಂದು ಮಗು ಅರವತ್ತು ದಾಟುವವರೆಗೂ ಬದುಕೀತು. ಇದಕ್ಕೆ ಉತ್ತರದ ಒಂದು ಭಾಗ ಭ್ರೂಣದ ಹಿಮೋಗ್ಲೋಬಿನ್‌ನಲ್ಲಿತ್ತು. ಹುಟ್ಟಿದ ಹೊಸತರಲ್ಲಿ ಮಗುವಿನ ರಕ್ತದಲ್ಲಿ ಹೆಚ್ಚಾಗಿರುವ ಈ ಹಿಮೋಗ್ಲೋಬಿನ್ ಕಣ ಬಾಗುವುದನ್ನು ತಡೆಯುತ್ತದೆ ಎಂಬ ಸುಳಿವನ್ನು ಜಾನೆಟ್ ವಾಟ್ಸನ್ ಎಂಬ ವೈದ್ಯೆ 1948ರಲ್ಲಿಯೇ ಕೊಟ್ಟಿದ್ದರು. ದೊಡ್ಡವರಾದ ಮೇಲೂ ಇದು ಹೆಚ್ಚು ಉಳಿದವರಿಗೆ ರೋಗದ ಉಪಟಳ ಕಡಿಮೆ. ಭಾರತದ ಅನೇಕ ರೋಗಿಗಳಲ್ಲಿ ಇದರ ಪ್ರಮಾಣ ಆಫ್ರಿಕಾ ಮೂಲದವರಿಗಿಂತ ಹೆಚ್ಚು. ಆದರೆ ಇದೊಂದೇ ಎಲ್ಲವನ್ನೂ ವಿವರಿಸಲಿಲ್ಲ.

1976ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಲಿಯಂ ಈಟನ್ ಮತ್ತು ಸಂಗಡಿಗರು ಒಂದು ಮುಖ್ಯ ಅಂಶ ಮುಂದಿಟ್ಟರು. ಆಮ್ಲಜನಕ ಕಳೆದುಕೊಂಡ ತಕ್ಷಣ ಕಣ ಬಾಗುವುದಿಲ್ಲ. ಒಳಗಿನ ಹಿಮೋಗ್ಲೋಬಿನ್ ಹೆಣೆದುಕೊಂಡು ಗಟ್ಟಿಯಾಗಲು ಸ್ವಲ್ಪ ಸಮಯ ಹಿಡಿಯುತ್ತದೆ. ಅಷ್ಟರೊಳಗೆ ಕಣ ಸಣ್ಣ ನಾಳಗಳನ್ನು ದಾಟಿ ಶ್ವಾಸಕೋಶದ ಕಡೆ ಹೊರಟರೆ ಅಪಾಯವಿಲ್ಲ. ದಾರಿಯಲ್ಲಿ ಯಾರಾದರೂ ಅದನ್ನು ತಡೆದು ನಿಲ್ಲಿಸಿದರೆ ಮಾತ್ರ ಕೆಡುಕು. ಹಾಗಾದರೆ ತಡೆದು ನಿಲ್ಲಿಸುವವರು ಯಾರು?

1980ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ರಾಬರ್ಟ್ ಹೆಬೆಲ್ ಅದಕ್ಕೆ ಉತ್ತರ ತೋರಿದರು. ರಕ್ತನಾಳದ ಒಳಮೈಗೆ ಒಂದೇ ಸಾಲು ಜೀವಕೋಶಗಳ ತೆಳುವಾದ ಹೊದಿಕೆ ಇರುತ್ತದೆ. ಎಂಡೊಥೀಲಿಯಂ ಎಂದು ಅದರ ಹೆಸರು. ಹೆಬೆಲ್ ಅವರ ತಂಡ ಪ್ರಯೋಗಾಲಯದಲ್ಲಿ ಬೆಳೆಸಿದ ಈ ಒಳಪದರದ ಕೋಶಗಳ ಮೇಲೆ ರೋಗಿಗಳ ಕೆಂಪುಕಣಗಳನ್ನು ಬಿಟ್ಟು ನೋಡಿತು. ಆರೋಗ್ಯವಂತರ ಕಣಗಳು ಜಾರಿ ಹೋದವು, ರೋಗಿಗಳ ಕಣಗಳು ಅಂಟಿಕೊಂಡವು. ಇನ್ನೂ ಮಹತ್ವದ ಮಾತೆಂದರೆ, ಯಾರ ಕಣಗಳು ಹೆಚ್ಚು ಅಂಟುತ್ತಿದ್ದವೋ ಅವರಿಗೆ ರೋಗದ ಬಾಧೆಯೂ ಹೆಚ್ಚಾಗಿತ್ತು. ಇದುವರೆಗೆ ಬರೀ ಕೊಳವೆ ಎನಿಸಿಕೊಂಡಿದ್ದ ನಾಳ ರೋಗದಲ್ಲಿ ಪಾಲುದಾರನಾಗಿ ಕಾಣಿಸಿತು.

1989ರಲ್ಲಿ ಧನಂಜಯ ಕೌಲ್ ಮತ್ತು ಸಂಗಡಿಗರು ಇಲಿಗಳ ಸಣ್ಣ ರಕ್ತನಾಳಗಳಲ್ಲಿ ಈ ಕಣಗಳ ಓಟವನ್ನು ಗಮನಿಸಿದರು. ಜನರ ಊಹೆ, ಕೂದಲೆಳೆಯಂಥ ಲೋಮನಾಳದಲ್ಲಿ ಅಡಚಣೆ ಮೊದಲಾಗುತ್ತದೆ ಎಂದು. ಆದರೆ ಕಣಗಳು ಮೊದಲು ಅಂಟಿಕೊಳ್ಳುವುದು ಲೋಮನಾಳ ದಾಟಿದ ನಂತರ ಸಿಗುವ ಕಿರಿಯ ಅಭಿಧಮನಿಗಳಲ್ಲಿ. ಅದೂ ಬಾಗಿ ಗಟ್ಟಿಯಾದ ಹಳೆಯ ಕಣಗಳಲ್ಲ, ಆಗಷ್ಟೆ ಹುಟ್ಟಿಬಂದ ಎಳೆಯ ಕಣಗಳು. ಕಾಲುವೆಯ ದಡಕ್ಕೆ ಮೊದಲು ಹಸಿ ಬಳ್ಳಿ ತೊಡರಿಕೊಂಡು, ಹಿಂದಿನಿಂದ ತೇಲಿಬಂದ ಒಣಕಡ್ಡಿಗಳು ಅದಕ್ಕೆ ಸಿಕ್ಕಿ ನೀರು ಕಟ್ಟಿಕೊಳ್ಳುವುದಿಲ್ಲವೇ? ಹಾಗೆಯೇ ಎಳೆಯ ಕಣಗಳು ಅಂಟಿ ನಿಂತ ಮೇಲೆ ಬಾಗಿದ ಕಣಗಳು ಅವುಗಳ ಬೆನ್ನಿಗೆ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ. ಬಿಳಿಯ ರಕ್ತಕಣಗಳೂ ಇದರಲ್ಲಿ ಕೈಜೋಡಿಸುತ್ತವೆ ಎಂಬುದು 2002ರಲ್ಲಿ ಪಾಲ್ ಫ್ರೆನೆಟ್ ಅವರ ತಂಡ ಇಲಿಗಳಲ್ಲಿ ನಡೆಸಿದ ಅಧ್ಯಯನದಿಂದ ತಿಳಿಯಿತು.

ನಾಳವನ್ನು ಸಡಿಲಿಸುವ ಅನಿಲ

1980ರಲ್ಲಿಯೇ, ಈ ರೋಗಕ್ಕೆ ಏನೂ ಸಂಬಂಧವಿಲ್ಲದ ಮತ್ತೊಂದು ಸಂಶೋಧನೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಪ್ರಕಟವಾಯಿತು. ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಔಷಧಿಗಳ ಪರಿಣಾಮ ನೋಡುತ್ತಿದ್ದರು. ಒಳಪದರ ಉಳಿದಿದ್ದ ತುಂಡು ಅಸೆಟೈಲ್‌ಕೋಲಿನ್ ತಾಗಿದೊಡನೆ ಸಡಿಲಗೊಳ್ಳುತ್ತಿತ್ತು. ಒಳಪದರ ಉಜ್ಜಿಹೋದ ತುಂಡು ಸಡಿಲಗೊಳ್ಳುತ್ತಿರಲಿಲ್ಲ. ಅಂದರೆ ಒಳಪದರದಿಂದ ಏನೋ ಒಂದು ವಸ್ತು ಹೊರಟು ನಾಳದ ಸ್ನಾಯುವಿಗೆ ‘ಸಡಿಲಾಗು’ ಎಂದು ಹೇಳುತ್ತಿತ್ತು. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಸರಳ ಅನಿಲ ಎಂಬುದು ಕೆಲವು ವರ್ಷಗಳಲ್ಲಿ ಖಚಿತವಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ಇದಕ್ಕಾಗಿ ನೊಬೆಲ್ ಪ್ರಶಸ್ತಿ ಸಂದಿತು.

ನೈಟ್ರಿಕ್ ಆಕ್ಸೈಡ್ ನಾಳವನ್ನು ಅಗಲವಾಗಿಡುತ್ತದೆ, ಕಣಗಳು ಗೋಡೆಗೆ ಅಂಟದಂತೆ ನೋಡಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಆದರೆ ಹಿಮೋಗ್ಲೋಬಿನ್ ಅದನ್ನು ಕಬಳಿಸುತ್ತದೆ. ಹಿಮೋಗ್ಲೋಬಿನ್ ಕೆಂಪುಕಣದ ಒಳಗೆ ಬಂದಿಯಾಗಿರುವವರೆಗೆ ತೊಂದರೆಯಿಲ್ಲ. ಕಣ ಒಡೆದು ಅದು ರಕ್ತದ್ರವಕ್ಕೆ ಚೆಲ್ಲಿದರೆ ನೂರಾರು ಪಟ್ಟು ವೇಗವಾಗಿ ಈ ಅನಿಲವನ್ನು ನುಂಗಿಹಾಕುತ್ತದೆ. ಆರೋಗ್ಯವಂತರ ಕೆಂಪುಕಣದ ಆಯಸ್ಸು ಸುಮಾರು 120 ದಿನ. ಈ ರೋಗಿಗಳಲ್ಲಿ ಅದು 10ರಿಂದ 20 ದಿನ ಮಾತ್ರ. ಹಾಗಾಗಿ ಕಣಗಳು ಸದಾ ಒಡೆಯುತ್ತಲೇ ಇರುತ್ತವೆ. 2002ರಲ್ಲಿ ಮಾರ್ಕ್ ಗ್ಲ್ಯಾಡ್‌ವಿನ್ ಅವರ ತಂಡ, ಹೀಗೆ ಚೆಲ್ಲಿದ ಹಿಮೋಗ್ಲೋಬಿನ್ ರೋಗಿಗಳ ನೈಟ್ರಿಕ್ ಆಕ್ಸೈಡನ್ನು ಬರಿದು ಮಾಡುವುದನ್ನು ತೋರಿಸಿತು. ಒಡೆದ ಕಣದಿಂದ ಹೊರಬೀಳುವ ಆರ್ಜಿನೇಸ್ ಎಂಬ ಕಿಣ್ವ, ನೈಟ್ರಿಕ್ ಆಕ್ಸೈಡ್ ತಯಾರಿಕೆಗೆ ಬೇಕಾದ ಆರ್ಜಿನಿನ್ ಎಂಬ ಕಚ್ಚಾವಸ್ತುವನ್ನೇ ನಾಶಪಡಿಸುತ್ತದೆ. ಅಂಗಡಿಯ ಸರಕೂ ಹೋಯಿತು, ಬಿತ್ತನೆ ಬೀಜವೂ ಹೋಯಿತು ಎಂಬಂಥ ಪರಿಸ್ಥಿತಿ.

ಇದರಿಂದ ನಾಳ ಬಿಗಿಯುತ್ತದೆ. ಶ್ವಾಸಕೋಶದ ನಾಳಗಳು ಬಿಗಿದರೆ ಹೃದಯಕ್ಕೆ ಹೊರೆ. ಮೂತ್ರಪಿಂಡದ ನಾಳಗಳು ಹಾಳಾದರೆ ಸೋಸುವ ಶಕ್ತಿ ಕುಂದುತ್ತದೆ. ಕಾಲಿನ ಚರ್ಮಕ್ಕೆ ರಕ್ತ ಸಾಲದಾದರೆ ಹುಣ್ಣು ಏಳುತ್ತದೆ, ಬೇಗ ಮಾಯುವುದಿಲ್ಲ.

ರಕ್ತ ಹೇಳುವ ಸುಳಿವುಗಳು

ನಾಳದ ಒಳಪದರವನ್ನು ರೋಗಿಯ ಮೈಯಿಂದ ಕತ್ತರಿಸಿ ನೋಡಲಾಗದು. ಆದ್ದರಿಂದ ಅದರ ಸ್ಥಿತಿಯನ್ನು ಬೇರೆ ಸುಳಿವುಗಳಿಂದ ತಿಳಿಯಬೇಕು. ಹೊಗೆ ನೋಡಿ ಬೆಂಕಿಯನ್ನು ತಿಳಿಯುವ ಹಾಗೆ. ವಿಜ್ಞಾನಿಗಳು ಇವನ್ನು ಜೈವಿಕ ಸೂಚಕಗಳು ಎನ್ನುತ್ತಾರೆ.

ಕೆಲವು ಸೂಚಕಗಳು ನೇರವಾಗಿ ಗೋಡೆಯಿಂದಲೇ ಬರುತ್ತವೆ. ಗಾಯಗೊಂಡ ಒಳಪದರದ ಕೋಶಗಳು ಕಳಚಿಕೊಂಡು ರಕ್ತದಲ್ಲಿ ತೇಲುತ್ತಿರುವುದನ್ನು ಹೆಬೆಲ್ ಅವರ ತಂಡವೇ 1997ರಲ್ಲಿ ಗುರುತಿಸಿತು. ನೋವಿನ ದಿನಗಳಲ್ಲಿ ಅವುಗಳ ಸಂಖ್ಯೆ ಏರುತ್ತಿತ್ತು. ಒಳಪದರ ಕೆರಳಿದಾಗ ತನ್ನ ಮೈಮೇಲೆ ಕೊಕ್ಕೆಗಳಂಥ ಪ್ರೋಟೀನುಗಳನ್ನು ಎಬ್ಬಿಸುತ್ತದೆ. ವಿಕ್ಯಾಮ್-1, ಸೆಲೆಕ್ಟಿನ್ ಮುಂತಾದ ಈ ಕೊಕ್ಕೆಗಳ ತುಣುಕುಗಳು ಕಳಚಿ ರಕ್ತದಲ್ಲಿ ಸೇರುವುದರಿಂದ ಅವನ್ನು ಅಳೆಯಬಹುದು. ಆದರೆ ಇವೆಲ್ಲ ದೊಡ್ಡ ಪ್ರಯೋಗಾಲಯಗಳ ಕೆಲಸ.

ಇನ್ನು ಕೆಲವು ಸಾಮಾನ್ಯ ಆಸ್ಪತ್ರೆಯ ಕೈಗೂ ಎಟಕುವಂಥವು. ಕೆಂಪುಕಣ ಒಡೆದಾಗ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಹೊರಗೆ ಚೆಲ್ಲುತ್ತದೆ. ಎಲ್‌ಡಿಎಚ್ ಎಂದು ಅದರ ಗಿಡ್ಡ ಹೆಸರು. ವಾಡಿಕೆಯ ರಕ್ತಪರೀಕ್ಷೆಯಲ್ಲಿ ಇದನ್ನು ಅಳೆಯುತ್ತಾರೆ. ಇದು ಸದಾ ಏರಿರುವ ರೋಗಿಗಳಲ್ಲಿ ಶ್ವಾಸಕೋಶದ ನಾಳಗಳ ಒತ್ತಡ, ಕಾಲಿನ ಹುಣ್ಣು ಮತ್ತು ಸಾವಿನ ಅಪಾಯ ಹೆಚ್ಚು ಎಂಬುದನ್ನು ಗ್ರೆಗರಿ ಕೇಟೊ ಮತ್ತು ಸಂಗಡಿಗರು 2006ರಲ್ಲಿ ವರದಿ ಮಾಡಿದರು. ಮೂತ್ರದಲ್ಲಿ ಆಲ್ಬುಮಿನ್ ಪ್ರೋಟೀನ್ ಸೋರುತ್ತಿದ್ದರೆ ಮೂತ್ರಪಿಂಡದ ಸೂಕ್ಷ್ಮ ನಾಳಗಳು ಕೆಡತೊಡಗಿವೆ ಎಂದರ್ಥ. ರೋಗಿಗೆ ಯಾವ ತೊಂದರೆಯೂ ಅನುಭವಕ್ಕೆ ಬರುವ ಮೊದಲೇ ಈ ಸುಳಿವು ಸಿಗುತ್ತದೆ.

ಮಗುವಿನ ತಲೆಗೆ ಕಿವಿಗೊಟ್ಟಾಗ

ನಾಳದ ಕಡೆ ನೋಡಿದ್ದರ ಫಲ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಮಕ್ಕಳ ಪಾರ್ಶ್ವವಾಯುವಿನ ವಿಷಯದಲ್ಲಿ. ಸೂಕ್ತ ತಡೆಯಿಲ್ಲದಿದ್ದರೆ ಈ ರೋಗದ ನೂರು ಮಕ್ಕಳಲ್ಲಿ ಸುಮಾರು ಹನ್ನೊಂದು ಮಂದಿಗೆ ಇಪ್ಪತ್ತು ವರ್ಷ ತುಂಬುವುದರೊಳಗೆ ಪಾರ್ಶ್ವವಾಯು ಬಡಿಯುತ್ತದೆ ಎಂಬುದು ಅಮೆರಿಕದ ಅಧ್ಯಯನದಿಂದ ತಿಳಿದಿತ್ತು. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗಳೇ ಒಳಗಿನಿಂದ ದಪ್ಪಗಾಗಿ ಕಿರಿದಾಗುವುದು ಇದಕ್ಕೆ ಮುಖ್ಯ ಕಾರಣ.

ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿದ್ದ ನರರೋಗ ತಜ್ಞ ರಾಬರ್ಟ್ ಆಡಮ್ಸ್ ಸರಳ ತತ್ತ್ವವೊಂದನ್ನು ನೆಚ್ಚಿದರು. ನಲ್ಲಿಗೆ ಹಾಕಿದ ಪೈಪಿನ ಬಾಯನ್ನು ಬೆರಳಿನಿಂದ ಅದುಮಿದರೆ ನೀರು ರಭಸವಾಗಿ ಚಿಮ್ಮುತ್ತದೆ. ಕಿರಿದಾದ ಅಪಧಮನಿಯಲ್ಲೂ ರಕ್ತ ವೇಗವಾಗಿ ನುಗ್ಗಬೇಕು. ಕೆನ್ನೆಯ ಪಕ್ಕ, ಕಿವಿಯ ಮುಂದೆ ತಲೆಬುರುಡೆಯ ಎಲುಬು ತೆಳುವಾಗಿರುವ ಕಡೆ ಅಲ್ಟ್ರಾಸೌಂಡ್ ಸಾಧನ ಇಟ್ಟು ಆ ವೇಗ ಅಳೆಯಬಹುದು. ಸೂಜಿಯಿಲ್ಲ, ನೋವಿಲ್ಲ. ಸೆಕೆಂಡಿಗೆ 170 ಸೆಂಟಿಮೀಟರ್ ಅಥವಾ ಹೆಚ್ಚು ವೇಗ ಕಂಡರೆ ಆ ಮಗು ಅಪಾಯದ ಅಂಚಿನಲ್ಲಿದೆ ಎಂದು ಅವರು 1992ರಲ್ಲಿ ಪ್ರಕಟಿಸಿದರು.

ಬಳಿಕ ಅಂಥ 130 ಮಕ್ಕಳನ್ನು ಆಯ್ದು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ನಿಯಮಿತವಾಗಿ ರಕ್ತ ಕೊಡಲಾಯಿತು, ಇನ್ನೊಂದಕ್ಕೆ ವಾಡಿಕೆಯ ಆರೈಕೆ. ವಾಡಿಕೆಯ ಆರೈಕೆಯ ಗುಂಪಿನಲ್ಲಿ 11 ಮಕ್ಕಳಿಗೆ ಪಾರ್ಶ್ವವಾಯು ಬಡಿಯಿತು. ರಕ್ತ ಪಡೆದ ಗುಂಪಿನಲ್ಲಿ ಒಂದೇ ಮಗುವಿಗೆ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. 1998ರಲ್ಲಿ ಅದರ ವರದಿ ಹೊರಬಂತು. ನಾಳದ ಒಂದು ಸುಳಿವು, ಮಾತು ಕಳೆದುಕೊಳ್ಳಬಹುದಾಗಿದ್ದ ಮಕ್ಕಳನ್ನು ಉಳಿಸಿತ್ತು.

ಸೂಚಕವೇ ರೋಗವಲ್ಲ

ಈ ಇತಿಹಾಸದಲ್ಲಿ ಎಡವಿದ ಅಧ್ಯಾಯವೂ ಇದೆ. 2004ರಲ್ಲಿ ಗ್ಲ್ಯಾಡ್‌ವಿನ್ ತಂಡ 195 ವಯಸ್ಕ ರೋಗಿಗಳ ಹೃದಯವನ್ನು ಎಕೊ ಯಂತ್ರದಲ್ಲಿ ಪರೀಕ್ಷಿಸಿ, ಶೇಕಡ 32 ಮಂದಿಯಲ್ಲಿ ಶ್ವಾಸಕೋಶದ ನಾಳದ ಒತ್ತಡ ಹೆಚ್ಚಿರುವ ಸೂಚನೆ ಕಂಡಿತು. ಅಂಥವರಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು. ಕೊರತೆ ನೈಟ್ರಿಕ್ ಆಕ್ಸೈಡಿನದಾದರೆ ಅದರ ಕೆಲಸವನ್ನು ಬಲಪಡಿಸುವ ಔಷಧಿ ಕೊಟ್ಟರಾಯಿತು ಎಂಬ ತರ್ಕ ಸಹಜವಾಗಿಯೇ ಹುಟ್ಟಿತು. ಸಿಲ್ಡೆನಫಿಲ್ ಅಂಥ ಔಷಧಿ. ಅದರ ಪ್ರಯೋಗ ಶುರುವಾಯಿತು. ಆದರೆ ಔಷಧಿ ಪಡೆದವರಲ್ಲಿ ನೋವಿನ ಬಾಧೆ ಹೆಚ್ಚಾಗಿ ಆಸ್ಪತ್ರೆ ಸೇರುವವರು ಜಾಸ್ತಿಯಾದರು. 2009ರಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು.

2010ರಲ್ಲಿ ಹಿರಿಯ ರಕ್ತತಜ್ಞರ ಗುಂಪೊಂದು ಈ ಸಿದ್ಧಾಂತಕ್ಕೆ ಆಧಾರ ಸಾಲದೆಂದು ಟೀಕಿಸಿ ಬರೆಯಿತು. ನಾಳದ ಪಾತ್ರವನ್ನು ಮೊದಲು ಎತ್ತಿ ಹಿಡಿದಿದ್ದ ಹೆಬೆಲ್ ಅವರೂ ಆ ಬರಹಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು ಎಂಬುದು ಕುತೂಹಲಕರ. ಮರುವರ್ಷ ಫ್ರಾನ್ಸ್‌ನ ವೈದ್ಯರು 398 ರೋಗಿಗಳನ್ನು ಪರೀಕ್ಷಿಸಿದರು. ಎಕೊ ಸೂಚನೆ ಶೇಕಡ 27 ಮಂದಿಯಲ್ಲಿತ್ತು. ಹೃದಯದೊಳಕ್ಕೆ ಸಣ್ಣ ನಳಿಕೆ ಹಾಯಿಸಿ ನೇರವಾಗಿ ಒತ್ತಡ ಅಳೆದಾಗ ರೋಗ ಖಚಿತವಾದದ್ದು ಶೇಕಡ 6 ಮಂದಿಯಲ್ಲಿ ಮಾತ್ರ. ಹೊಗೆ ಕಂಡಲ್ಲೆಲ್ಲ ಮನೆ ಉರಿಯುತ್ತಿದೆ ಎನ್ನಲಾಗದು.

ಗೋಡೆಯ ಕೊಕ್ಕೆಗೆ ಗುರಿಯಿಟ್ಟ ಔಷಧಿಯ ಕಥೆಯೂ ಏರಿಳಿತದ್ದೇ. ಪಿ-ಸೆಲೆಕ್ಟಿನ್ ಎಂಬ ಕೊಕ್ಕೆಯನ್ನು ಮುಚ್ಚುವ ಕ್ರಿಜಾನ್ಲಿಜುಮ್ಯಾಬ್ ಔಷಧಿ ನೋವಿನ ಬಾಧೆಯನ್ನು ಸುಮಾರು ಶೇಕಡ 45ರಷ್ಟು ತಗ್ಗಿಸಿತೆಂದು 2017ರಲ್ಲಿ ವರದಿಯಾಯಿತು. 2019ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ನಂತರದ ದೊಡ್ಡ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. 2023ರಲ್ಲಿ ಯೂರೋಪ್ ಅನುಮತಿಯನ್ನು ಹಿಂತೆಗೆದುಕೊಂಡಿತು.

ಇಷ್ಟೆಲ್ಲದರ ನಡುವೆ ಗಟ್ಟಿಯಾಗಿ ನಿಂತದ್ದು ಹಳೆಯ, ಅಗ್ಗದ ಮಾತ್ರೆ ಹೈಡ್ರಾಕ್ಸಿಯೂರಿಯಾ. 299 ವಯಸ್ಕರ ಮೇಲೆ ನಡೆದ ಪ್ರಯೋಗದಲ್ಲಿ ಅದು ನೋವಿನ ಬಾಧೆಯನ್ನು ಅರ್ಧದ ಹತ್ತಿರಕ್ಕೆ ಇಳಿಸಿತೆಂದು 1995ರಲ್ಲಿ ಪ್ರಕಟವಾಯಿತು. ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿಸುವುದು ಅದರ ಮುಖ್ಯ ಗುಣ. ಜತೆಗೆ ಅದು ಬಿಳಿಯ ರಕ್ತಕಣಗಳನ್ನು ತಗ್ಗಿಸುತ್ತದೆ, ಕೆಂಪುಕಣಗಳು ಗೋಡೆಗೆ ಅಂಟುವುದನ್ನೂ ಕಡಿಮೆ ಮಾಡುತ್ತದೆ. ಒಂದು ಮಾತ್ರೆ ಕಣವನ್ನೂ ನಾಳವನ್ನೂ ಒಟ್ಟಿಗೆ ಕಾಯುತ್ತದೆ ಎನ್ನಬಹುದು. ಪಾರ್ಶ್ವವಾಯುವಿನ ಅಪಾಯವಿದ್ದ ಕೆಲವು ಮಕ್ಕಳನ್ನು ಸ್ವಲ್ಪ ಕಾಲ ರಕ್ತ ಕೊಟ್ಟ ನಂತರ ಈ ಮಾತ್ರೆಗೆ ಬದಲಾಯಿಸಬಹುದು ಎಂಬುದು 2016ರ ಪ್ರಯೋಗದಿಂದ ತಿಳಿಯಿತು. ತಿಂಗಳು ತಿಂಗಳೂ ರಕ್ತ ಹೊಂದಿಸುವುದು ಕಷ್ಟವಾದ ಊರುಗಳ ಪಾಲಿಗೆ ಇದು ದೊಡ್ಡ ಸುದ್ದಿ. 2023ರ ಡಿಸೆಂಬರ್‌ನಲ್ಲಿ ಅಮೆರಿಕ ಎರಡು ವಂಶವಾಹಿ ಚಿಕಿತ್ಸೆಗಳಿಗೆ ಅನುಮತಿ ಕೊಟ್ಟಿದೆಯಾದರೂ, ಅವುಗಳಲ್ಲೊಂದರ ಬೆಲೆ 22 ಲಕ್ಷ ಡಾಲರ್.

ಬೆಟ್ಟದ ಮೇಲಿನ ಪ್ರಶ್ನೆ

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕುಡುಗೋಲು ಕಣ ರೋಗ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಚಾಲನೆ ದೊರೆಯಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರನ್ನು ಪರೀಕ್ಷಿಸುವುದು, 2047ರೊಳಗೆ ರೋಗವನ್ನು ಇಲ್ಲವಾಗಿಸುವುದು ಅದರ ಗುರಿ. ಕರ್ನಾಟಕವೂ ಅದರ ವ್ಯಾಪ್ತಿಗೆ ಬರುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇಂಥ ಕಾರ್ಯಕ್ರಮ ಬರುವುದಕ್ಕೆ ಬಹಳ ಹಿಂದೆಯೇ ಸೋಲಿಗರ ನಡುವೆ ಈ ರೋಗದ ಪತ್ತೆ, ಆರೈಕೆಗೆ ಕೈಹಾಕಿತ್ತು. ಗಡಿಯಾಚೆ ಗುಡಲೂರಿನ ಆದಿವಾಸಿ ಆಸ್ಪತ್ರೆಯದೂ ಅಂಥದೇ ಕೆಲಸ.

ಪತ್ತೆ ಎಂಬುದು ಮೊದಲ ಮೆಟ್ಟಿಲು. ಬೆರಳ ತುದಿಯ ಒಂದು ಹನಿ ರಕ್ತ ‘ಈ ಮಗುವಿಗೆ ರೋಗ ಇದೆಯೇ, ಮಗು ವಾಹಕವೇ’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. 1949ರಲ್ಲಿ ಪೌಲಿಂಗ್ ಕೇಳಿದ್ದೂ ಅದೇ ಬಗೆಯ ಪ್ರಶ್ನೆ. ರೋಗ ಇದೆ ಎಂದಾದ ಮೇಲೆ ಎರಡನೆಯ ಪ್ರಶ್ನೆ ಏಳುತ್ತದೆ. ಈ ಮಗುವಿನ ನಾಳಗಳು ಹೇಗಿವೆ? ಅದಕ್ಕೆ ಉತ್ತರ ಒಂದೇ ದಿನದಲ್ಲಿ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಮೂತ್ರ ಪರೀಕ್ಷೆ, ಆಗಾಗ ರಕ್ತ ಪರೀಕ್ಷೆ, ತಲೆಯ ಅಲ್ಟ್ರಾಸೌಂಡ್, ತಪ್ಪದೆ ಮಾತ್ರೆ. ಇವುಗಳಲ್ಲಿ ಯಾವುದೂ ಆಕಾಶದ ನಕ್ಷತ್ರವಲ್ಲ. ಆದರೆ ಪ್ರತಿಯೊಂದಕ್ಕೂ ಮತ್ತೆ ಮತ್ತೆ ಆ ಮಗುವಿನ ಮನೆಯ ಬಾಗಿಲಿಗೆ ಹೋಗುವವರು ಬೇಕು, ಇಲ್ಲವೇ ಆ ಮಗು ಬೆಟ್ಟ ಇಳಿದು ಬರಲು ಬಸ್ಸು ಬೇಕು.

ಶಿಕಾಗೊದ ಆಸ್ಪತ್ರೆಯಲ್ಲಿ ವಾಲ್ಟರ್ ನೋಯೆಲ್ ಮಲಗಿದ್ದಾಗ ಸೂಕ್ಷ್ಮದರ್ಶಕದಲ್ಲಿ ಕಂಡ ಬಾಗಿದ ಕಣ ಅವನ ಹೆಸರನ್ನು ವೈದ್ಯ ಇತಿಹಾಸದಲ್ಲಿ ಉಳಿಸಿತು. ಅವನ ಕಾಲಿನ ಮೇಲಿದ್ದ ಕಲೆಗಳನ್ನು ನೋಡಲು ಸೂಕ್ಷ್ಮದರ್ಶಕ ಬೇಕಿರಲಿಲ್ಲ. ಹೆರಿಕ್ ಅವನ್ನು ಎಣಿಸಿ ಬರೆದಿಟ್ಟರು. ಅವು ಏನನ್ನು ಹೇಳುತ್ತಿದ್ದವು ಎಂದು ಓದಿಕೊಳ್ಳಲು ಸುಮಾರು ಒಂದು ಶತಮಾನ ಹಿಡಿಯಿತು.